ಬ್ಯಾಟರಿ ಬಸ್ಸು ಮತ್ತು ಮೇಷ್ಟ್ರ ಲೆಕ್ಕ

ವಿಶ್ವವಿದ್ಯಾನಿಲಯಗಳು ತಮ್ಮ ಆವರಣಗಳಲ್ಲಿ ವಿದ್ಯುತ್ ವಾಹನಗಳನ್ನು ಓಡಿಸಲು ಉತ್ಸಾಹ ತೋರುತ್ತಿರುವುದು ಸ್ವಾಗತಾರ್ಹ. ಆದರೆ ವಾಹನಕ್ಕೆ ಹಸಿರು ಬಣ್ಣ ಬಳಿದು, ಟೇಪು ಕತ್ತರಿಸಿ, ಛಾಯಾಚಿತ್ರ ತೆಗೆಸಿಕೊಂಡ ಮಾತ್ರಕ್ಕೆ ವಾತಾವರಣ ಸೇರುವ ಇಂಗಾಲ ಕಡಿಮೆಯಾಗದು. ಗಣಿತ ಕಲಿಸಿ ನಿವೃತ್ತನಾದ ನನಗೆ ಲೆಕ್ಕ ಮಾಡದೆ ಉತ್ತರ ಬರೆಯುವ ಅಭ್ಯಾಸವಿಲ್ಲ.

ಈ ವಾಹನ ಇಂತಹ ಆವರಣಗಳಿಗೆ ಹೇಳಿ ಮಾಡಿಸಿದಂತಿದೆ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಮೈಸೂರಿನ ಮಾನಸಗಂಗೋತ್ರಿಯನ್ನೇ ನೋಡಿ. ಕುವೆಂಪು ಅವರು ಹೆಸರಿಟ್ಟ, ಕುಕ್ಕರಹಳ್ಳಿ ಕೆರೆಯ ಮಗ್ಗುಲಿನ ಆ ವಿಶಾಲ ಆವರಣದಲ್ಲಿ ವಿಭಾಗದಿಂದ ವಿಭಾಗಕ್ಕೆ ದೂರ ಅಲ್ಪ, ವೇಗ ಬೇಕಿಲ್ಲ, ದಾರಿಯೂ ನಿಶ್ಚಿತ. ನಡುದಾರಿಯಲ್ಲಿ ಬ್ಯಾಟರಿ ಬರಿದಾದೀತೆಂಬ ಭಯಕ್ಕೆ ಎಡೆಯಿಲ್ಲ. ಅದೇ ಊರಿನ ಮೃಗಾಲಯದಲ್ಲಿ ಬ್ಯಾಟರಿ ವಾಹನಗಳು ವೃದ್ಧರನ್ನೂ ಮಕ್ಕಳನ್ನೂ ಸುತ್ತಾಡಿಸುವುದನ್ನು ತಾವೂ ಕಂಡಿರಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 4 ಕಿ.ಮೀ. ಓಡುವ ದೊಡ್ಡ ಬಸ್ಸು ಪ್ರತಿ ಕಿಲೋಮೀಟರಿಗೆ 675 ಗ್ರಾಂ ಉಗುಳಿದಂತಾಯಿತು. ಅದೇ ಗಾತ್ರದ ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ 1 ಯೂನಿಟ್ ಬೇಕು. ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುವುದರಿಂದ, ಸರಾಸರಿ 1 ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಂ ಇರುತ್ತದೆ. ಅಂದರೆ ಎರಡೂ ಸರಿಸಮ! ವಿದ್ಯಾರ್ಥಿಗಳ ಮೂಗಿಗೆ ಡೀಸೆಲ್ ಹೊಗೆ ತಪ್ಪುವುದು ಸಣ್ಣ ಲಾಭವೇನಲ್ಲ. ಆದರೆ ಇಲ್ಲಿ ತಪ್ಪಿದ ಇಂಗಾಲ ಉಷ್ಣವಿದ್ಯುತ್ ಸ್ಥಾವರದ ಚಿಮಣಿಯಿಂದ ಆಕಾಶ ಸೇರುತ್ತದೆ.

ಕಾರಿನ ಲೆಕ್ಕ ಬೇರೆ. ಲೀಟರಿಗೆ 15 ಕಿ.ಮೀ. ಓಡುವ ಡೀಸೆಲ್ ಕಾರು ಕಿಲೋಮೀಟರಿಗೆ 180 ಗ್ರಾಂ ಬಿಟ್ಟರೆ, ಯೂನಿಟ್ಟಿಗೆ 6 ಕಿ.ಮೀ. ಓಡುವ ವಿದ್ಯುತ್ ಕಾರಿನದು 120 ಗ್ರಾಂ ದಾಟದು. ಕಲ್ಲಿದ್ದಲಿನ ವಿದ್ಯುತ್ತಿನಲ್ಲೂ ಮೂರನೇ ಒಂದು ಭಾಗ ಉಳಿತಾಯ.

ಹಾಗೆಂದು ವಿದ್ಯುತ್ ಬಸ್ಸು ಬೇಡವೆನ್ನುತ್ತಿಲ್ಲ. ನನ್ನ ಸಲಹೆ ಮೂರು. ಮೊದಲು ಬದಲಾಗಬೇಕಾದುದು ಅಧಿಕಾರಿಗಳ ಕಾರುಗಳು. ಉಪದೇಶ ಮೇಲಿನಿಂದ ಆರಂಭವಾಗಲಿ. ಎರಡನೆಯದಾಗಿ, ವಿಭಾಗಗಳ ತಾರಸಿಯ ಮೇಲೆ ಸೌರಫಲಕ ಹಾಕಿಸಿ, ವಾಹನಗಳನ್ನು ಹಗಲಿನ ಬಿಡುವಿನಲ್ಲೇ ಚಾರ್ಜ್ ಮಾಡಬೇಕು. ಮೂರನೆಯದಾಗಿ, ಅರೆಖಾಲಿ ಓಡುವ ದೊಡ್ಡ ಬಸ್ಸಿಗೆ ಬದಲು ಹತ್ತು ಹನ್ನೆರಡು ಆಸನದ ಚಿಕ್ಕ ವಾಹನಗಳು ಬರಲಿ. ಅವು ಹೊತ್ತಿಗೆ ಸರಿಯಾಗಿ ಬಂದರೆ ವಿದ್ಯಾರ್ಥಿಗಳೂ ತಮ್ಮ ಬೈಕುಗಳನ್ನು ಗೇಟಿನ ಬಳಿ ಬಿಟ್ಟಾರು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಸೈಕಲ್ ಯೋಜನೆ ಆರಂಭವಾದುದನ್ನು ಬಲ್ಲವರಿಗೆ, ಯಾವ ಯೂನಿಟ್ಟೂ ಬೇಡದ ವಾಹನ ಯಾವುದೆಂದು ಹೇಳಬೇಕಾಗಿಲ್ಲ.

ವಾರ್ಷಿಕ ವರದಿಯಲ್ಲಿ ಎಷ್ಟು ವಾಹನ ಕೊಂಡೆವೆಂದು ಬರೆದರೆ ಸಾಲದು. ಎಷ್ಟು ಲೀಟರ್ ಡೀಸೆಲ್ ಉಳಿಯಿತು, ಎಷ್ಟು ಯೂನಿಟ್ ಬಿಸಿಲಿನಿಂದ ಬಂತು ಎಂಬುದನ್ನೂ ಬರೆಯಲಿ. ವಿದ್ಯಾರ್ಥಿಗಳಿಂದ ಹಂತಹಂತವಾಗಿ ಲೆಕ್ಕ ಕೇಳುವ ಸಂಸ್ಥೆ ತನ್ನ ಲೆಕ್ಕವನ್ನೂ ಹಾಗೆಯೇ ತೋರಿಸಬೇಡವೇ?