ಐರನ್ ಸೆಟ್ ಬದಲಿಸುವ ಮುನ್ನ: ಗಾಲ್ಫ್ ಆಡುವವರಲ್ಲಿ ಒಂದು ಮನವಿ



ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರು ಎಲ್ಲೇ ಆಡುವವರಿರಲಿ, ಈ ಮನವಿ ನಿಮ್ಮೆಲ್ಲರಿಗೂ ಸೇರಿದ್ದು. ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡೇ ಸಂಗತಿ. ಐರನ್‌ಗಳನ್ನು ವರ್ಷ ಎಣಿಸಿ ಬದಲಿಸಬೇಡಿ, ಪರೀಕ್ಷೆ ಮಾಡಿಸಿ ಬದಲಿಸಿ. ಬದಲಿಸಿದ ಮೇಲೆ ಹಳೆಯ ಸೆಟ್ಟನ್ನು ಅಟ್ಟಕ್ಕೆ ಏರಿಸಬೇಡಿ, ಆಡುವವರ ಕೈಗೆ ಕೊಡಿ.

ಹೆಸರುವಾಸಿ ಕಂಪನಿಯ ಹೊಸ ಐರನ್ ಸೆಟ್ ಎಂದರೆ ಲಕ್ಷ ರೂಪಾಯಿಯ ಆಸುಪಾಸಿನ ಮಾತು. ಒಂದೆರಡು ವರ್ಷಕ್ಕೊಮ್ಮೆ ಹೊಸ ಮಾದರಿ ಬರುತ್ತದೆ, ಪ್ರತಿ ಸಲವೂ ‘ಹತ್ತು ಗಜ ಹೆಚ್ಚು ದೂರ’ ಎಂಬ ಆಸೆ ಅದರ ಜೊತೆಗೇ ಬರುತ್ತದೆ. ಆ ಹತ್ತು ಗಜ ಎಲ್ಲಿಂದ ಬಂತು ಎಂದು ವಿಚಾರಿಸಿ ನೋಡಿ. 1970ರ ದಶಕದಲ್ಲಿ 7ನೇ ಐರನ್ನಿನ ಲಾಫ್ಟ್, ಅಂದರೆ ಮುಖದ ಓರೆ, ಸುಮಾರು 36ರಿಂದ 38 ಡಿಗ್ರಿ ಇರುತ್ತಿತ್ತು. ಹವ್ಯಾಸಿಗಳಿಗೆಂದು ಇಂದು ಮಾಡುವ ಹಲವು ಸೆಟ್‌ಗಳಲ್ಲಿ ಅದೇ 7ನೇ ಐರನ್ 28ರಿಂದ 30 ಡಿಗ್ರಿಗೆ ಇಳಿದಿದೆ. ಹಿಂದಿನವರು 5ನೇ ಐರನ್ ಎಂದು ಕರೆಯುತ್ತಿದ್ದ ಓರೆ ಹೆಚ್ಚುಕಡಿಮೆ ಇದೇ. ತಲೆಯ ತೂಕವನ್ನು ಕೆಳಕ್ಕೆ ತಂದು ಚೆಂಡು ಎತ್ತರಕ್ಕೆ ಏಳುವಂತೆ ಮಾಡಿರುವುದು ನಿಜವಾದ ಸುಧಾರಣೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೆಚ್ಚಿದ ದೂರದಲ್ಲಿ ದೊಡ್ಡ ಪಾಲು ಅಂಕಿ ಬದಲಾದದ್ದರಿಂದ ಬಂದದ್ದು. ಇದರ ಇನ್ನೊಂದು ಪರಿಣಾಮವೂ ಇದೆ. ಪಿಚಿಂಗ್ ವೆಜ್ 43-44 ಡಿಗ್ರಿಗೆ ಇಳಿದಾಗ ಅದಕ್ಕೂ ಸ್ಯಾಂಡ್ ವೆಜ್‌ಗೂ ನಡುವೆ ದೊಡ್ಡ ಅಂತರ ಬೀಳುತ್ತದೆ. ಅದನ್ನು ತುಂಬಲು ನೀವು ಮತ್ತೊಂದು ವೆಜ್ ಕೊಳ್ಳಬೇಕಾಗುತ್ತದೆ.

ಐರನ್‌ಗಳ ಇತಿಹಾಸದಲ್ಲಿ ನಿಜವಾದ ಜಿಗಿತಗಳು ಕೆಲವೇ. ಮರದ ಶಾಫ್ಟ್ ಹೋಗಿ ಉಕ್ಕು ಬಂದದ್ದು ಒಂದು. ಬ್ರಿಟನ್ನಿನಲ್ಲಿ ಆಟದ ನಿಯಮ ರೂಪಿಸುವ ಆರ್ ಅಂಡ್ ಎ ಅದಕ್ಕೆ 1929ರಲ್ಲಿ ಒಪ್ಪಿಗೆ ಕೊಟ್ಟಿತು. ಪಿಂಗ್ ಕಂಪನಿಯ ಕಾರ್ಸ್ಟನ್ ಸೋಲ್ಹೈಮ್ ತಲೆಯ ತೂಕವನ್ನು ಅಂಚುಗಳಿಗೆ ಹಂಚಿ, ಚೆಂಡು ನಡುವಿಗೆ ತಾಗದಿದ್ದರೂ ಹೊಡೆತ ತೀರಾ ಕೆಡದಂತೆ ಮಾಡಿದ್ದು ಇನ್ನೊಂದು. 1982ರಲ್ಲಿ ಬಂದ ‘ಐ 2’ ಸೆಟ್ಟು ಆ ವಿನ್ಯಾಸವನ್ನು ಮನೆಮಾತಾಗಿಸಿತು. ನೀವಿನ್ನೂ ತಾತನ ಕಾಲದ ತೆಳು ಬ್ಲೇಡ್‌ನಲ್ಲಿ 24 ಹ್ಯಾಂಡಿಕ್ಯಾಪ್ ಆಡುತ್ತಿದ್ದರೆ ಖಂಡಿತ ಬದಲಿಸಿ, ಆಟ ಹಗುರವಾಗುತ್ತದೆ. ಐದಾರು ವರ್ಷದ ಹಿಂದೆ ಕೊಂಡ, ಹೀಗೆ ಅಂಚಿಗೆ ತೂಕ ಹಂಚಿದ ಕ್ಯಾವಿಟಿ ಬ್ಯಾಕ್ ಸೆಟ್ ಕೈಯಲ್ಲಿದ್ದರೆ ಅಷ್ಟು ದೊಡ್ಡ ಲಾಭ ನಿರೀಕ್ಷಿಸಬೇಡಿ. 2010ರ ಗ್ರೂವ್ ನಿಯಮ ತಿಳಿದು ಗಾಬರಿಯಾದವರಿಗೂ ಒಂದು ಮಾತು: ಮುಖದ ಗೆರೆಗಳ ಆಳ-ಅಂಚುಗಳ ಮೇಲಿನ ಆ ಬಿಗಿ ಮೊದಲು ಬಿದ್ದದ್ದು ವೃತ್ತಿಪರ ಟೂರ್‌ಗಳ ಮೇಲೆ. ಕ್ಲಬ್ಬಿನ ಸಾಮಾನ್ಯ ಆಟಗಾರರಿಗೆ ಹಳೆಯ ಐರನ್ ಮುಂದುವರಿಸಲು ಅವಕಾಶ ಕೊಟ್ಟೇ ನಿಯಮ ತಂದರು.

ಹಾಗಾದರೆ ಸವೆಯುವುದು ಏನು? ಎಲ್ಲಕ್ಕೂ ಮೊದಲು ಗ್ರಿಪ್. ಬೆವರು, ಬಿಸಿಲು, ಕಾರಿನ ಡಿಕ್ಕಿಯ ಸೆಕೆ ಸೇರಿ ರಬ್ಬರ್ ಗಟ್ಟಿಯಾಗಿ ಜಾರತೊಡಗುತ್ತದೆ. ಜಾರುವ ಗ್ರಿಪ್ಪನ್ನು ಬಿಗಿಯಾಗಿ ಹಿಡಿದಷ್ಟೂ ಮುಂಗೈ ಸೆಟೆದು ಸ್ವಿಂಗ್ ಕೆಡುತ್ತದೆ. ‘ಸೆಟ್ಟು ಹಳೆಯದಾಯಿತು’ ಎನ್ನುವ ಎಷ್ಟೋ ಜನರಿಗೆ ಬೇಕಾಗಿರುವುದು ಹೊಸ ಗ್ರಿಪ್ಪು ಮಾತ್ರ. ವಾರಕ್ಕೊಮ್ಮೆ ಆಡುವವರು ವರ್ಷಕ್ಕೊಮ್ಮೆ ಗ್ರಿಪ್ ಬದಲಿಸಿದರೆ ಸಾಕು. ಖರ್ಚು ಹೊಸ ಸೆಟ್ಟಿನ ಸಣ್ಣ ಅಂಶದಷ್ಟೂ ಆಗುವುದಿಲ್ಲ.

ಎರಡನೆಯದು ಲಾಫ್ಟ್ ಮತ್ತು ಲೈ, ಅಂದರೆ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ. ಮೃದು ಉಕ್ಕನ್ನು ಬಡಿದು ಮಾಡಿದ ಫೋರ್ಜ್ಡ್ ಐರನ್‌ಗಳು ಕಾಲಕ್ರಮದಲ್ಲಿ ಒಂದೆರಡು ಡಿಗ್ರಿ ಬಾಗುತ್ತವೆ. ಕಾಂಕ್ರೀಟಿನ ಮೇಲೆ ಹಾಸಿದ ಮ್ಯಾಟಿನಲ್ಲಿ ಬಕೆಟ್‌ಗಟ್ಟಲೆ ಚೆಂಡು ಹೊಡೆಯುವವರ ಕ್ಲಬ್‌ಗಳು ಇನ್ನೂ ಬೇಗ. ಒಂದು ಐರನ್ನಿಗೂ ಇನ್ನೊಂದಕ್ಕೂ ನಡುವಿನ ಓರೆಯ ವ್ಯತ್ಯಾಸ ಸಾಮಾನ್ಯವಾಗಿ ನಾಲ್ಕು ಡಿಗ್ರಿ. ಎರಡು ಡಿಗ್ರಿ ತಪ್ಪಿದರೆ ಅರ್ಧ ಕ್ಲಬ್ಬಿನ ದೂರ ಹೋಯಿತು. ಲೈ ತಪ್ಪಿ ಕ್ಲಬ್ಬಿನ ತುದಿ ನೆಲದಿಂದ ಎದ್ದು ನಿಂತರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಎಳೆಯುತ್ತದೆ. ಆತ ಅದನ್ನು ತನ್ನ ಸ್ವಿಂಗಿನ ದೋಷವೆಂದೇ ತಿಳಿದು ತಿಂಗಳುಗಟ್ಟಲೆ ಒದ್ದಾಡುತ್ತಾನೆ. ಕ್ಲಬ್ ರಿಪೇರಿ ಮಾಡುವವರ ಬಳಿ ಬಗ್ಗಿಸುವ ಯಂತ್ರವಿರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇಡೀ ಸೆಟ್ಟನ್ನು ಅಳೆದು ಸರಿಮಾಡಿ ಕೊಡುತ್ತಾರೆ.

ಮೂರನೆಯದು ಗ್ರೂವ್. ಇಲ್ಲಿ ವೆಜ್‌ಗಳನ್ನೂ ಉಳಿದ ಐರನ್‌ಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಬಂಕರಿನ ಮರಳಿಗೆ ಇಳಿಯುವ ವೆಜ್ ಬೇಗ ನುಣುಪಾಗುತ್ತದೆ. ಹೆಚ್ಚು ಅಭ್ಯಾಸ ಮಾಡುವವರಿಗೆ ಅದು ಒಂದೆರಡು ವರ್ಷಕ್ಕೇ ಸೋಲಬಹುದು. ಒದ್ದೆ ಹುಲ್ಲಿನಿಂದ ಹೊಡೆದ ಚೆಂಡು ಗ್ರೀನ್ ಮೇಲೆ ನಿಲ್ಲದೆ ಓಡಿದರೆ ಅದೇ ಗುರುತು. ಮಳೆಗಾಲದ ಕೊಡಗಿನಲ್ಲಿ ಆಡುವವರಿಗೆ ಇದರ ಅನುಭವ ಚೆನ್ನಾಗಿದೆ. 5, 6, 7ನೇ ಐರನ್‌ಗಳ ಗೆರೆಗಳು ಅಷ್ಟು ಬೇಗ ಅಳಿಯುವುದಿಲ್ಲ. ಹಾಗಾಗಿ ವೆಜ್ ಸವೆಯಿತೆಂದು ಸೆಟ್ಟನ್ನೇ ಬದಲಿಸಬೇಕಿಲ್ಲ. ಪ್ರತಿ ಹೊಡೆತದ ನಂತರ ಒದ್ದೆ ಬಟ್ಟೆಯಲ್ಲಿ ಕೆಮ್ಮಣ್ಣು, ಮರಳು ಒರೆಸಿದರೆ ಗೆರೆ ಇನ್ನಷ್ಟು ಕಾಲ ಬಾಳುತ್ತದೆ.

ನಾಲ್ಕನೆಯದು ನಿಮ್ಮ ದೇಹ. ಅರವತ್ತು ದಾಟಿ ಸ್ವಿಂಗಿನ ವೇಗ ಇಳಿದಾಗ ಹಗುರವಾದ ಗ್ರಾಫೈಟ್ ಶಾಫ್ಟಿಗೆ ಹೋಗುವುದು ಜಾಣತನ. ಮೊಣಕೈ ನೋವಿದ್ದವರಿಗೂ ಅದೇ ಹಿತ. ಚೆಂಡು ಮೇಲೇಳದ 3, 4ನೇ ಐರನ್‌ಗಳನ್ನು ಮಾತ್ರ ತೆಗೆದು ಹೈಬ್ರಿಡ್ ಹಾಕಿಕೊಂಡರೆ ಉಳಿದದ್ದು ಹಾಗೇ ನಡೆಯುತ್ತದೆ. ದೂರವೇ ಸರ್ವಸ್ವ ಎನ್ನುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ಗ್ರೀನಿನ ಸುತ್ತಲಿನ ಆಟ ಮತ್ತು ಪಟರ್ ಬಲದಿಂದ ನಾಲ್ಕನೆಯವರಾದರು. ಪದಕ ಒಂದೇ ಹೊಡೆತದಿಂದ ತಪ್ಪಿತು. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಗಾಲ್ಫ್ ಕೋರ್ಸಿಗೂ ಅನ್ವಯ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಹೀಗೆ ಮಾಡಿ. ಗ್ರಿಪ್ ಬದಲಿಸಿ, ಲಾಫ್ಟ್-ಲೈ ಸರಿಮಾಡಿಸಿ, ಒಂದೆರಡು ತಿಂಗಳು ಆಡಿ. ಆಮೇಲೂ ಹೊಸದು ಬೇಕೆನಿಸಿದರೆ ಲಾಂಚ್ ಮಾನಿಟರ್ ಇರುವ ಕಡೆ ನಿಮ್ಮ ಕ್ಲಬ್ಬನ್ನೂ ಹೊಸದನ್ನೂ ಒಂದೇ ಬಗೆಯ ಚೆಂಡಿನಲ್ಲಿ ಹೊಡೆದು ನೋಡಿ. ಹೋಲಿಸುವಾಗ ಕ್ಲಬ್ಬಿನ ಸಂಖ್ಯೆ ಬಿಡಿ, ಡಿಗ್ರಿ ನೋಡಿ: 30 ಡಿಗ್ರಿಗೆ 30 ಡಿಗ್ರಿ. ತೀರಾ ಉದ್ದ ಹೋದ ಒಂದು ಹೊಡೆತಕ್ಕೆ ಮರುಳಾಗದೆ, ಹತ್ತು ಚೆಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದವು ಎಂದು ಗಮನಿಸಿ. ವ್ಯತ್ಯಾಸ ಕಣ್ಣಿಗೆ ಕಾಣುವಂತಿದ್ದರೆ ಕೊಳ್ಳಿ, ಇಲ್ಲದಿದ್ದರೆ ಆ ಹಣದಲ್ಲಿ ಕೋಚ್ ಬಳಿ ಕೆಲವು ಪಾಠ ಹೇಳಿಸಿಕೊಳ್ಳಿ. ದಿನಾ ಅಭ್ಯಾಸ ಮಾಡಿ ಸ್ಪರ್ಧೆಗಿಳಿಯುವವರಿಗೆ ಐರನ್ ಮೂರರಿಂದ ಐದು ವರ್ಷ ಬರಬಹುದು. ವಾರಕ್ಕೊಮ್ಮೆ ಆಡುವವರಿಗೆ ಹತ್ತು ವರ್ಷವೂ ದೊಡ್ಡದಲ್ಲ.

ಇನ್ನು ಎರಡನೆಯ ಕೋರಿಕೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆ. ಇಷ್ಟು ಹಳೆಯ ಪರಂಪರೆಯ ಊರಿನಲ್ಲಿ ಬ್ಯಾಗು ಹೊರುವ ಹುಡುಗರಲ್ಲೂ ಆಟ ಹುಟ್ಟಿದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಸಾಮಾನ್ಯ ಕುಟುಂಬದಿಂದ ಬಂದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದರು. ಇಂಥವರ ಸಂಖ್ಯೆ ಹೆಚ್ಚಬೇಕಾದರೆ ಕೋರ್ಸಿನೊಳಗೆ ಕಾಲಿಡಲು ಅವಕಾಶ ಬೇಕು, ಕೈಯಲ್ಲಿ ಕ್ಲಬ್ ಬೇಕು. ಮೊದಲನೆಯದು ಆಡಳಿತ ಸಮಿತಿಯ ಕೈಯಲ್ಲಿದೆ, ಎರಡನೆಯದು ನಿಮ್ಮ ಮನೆಯ ಅಟ್ಟದಲ್ಲಿದೆ.

ಕೊಡುವಾಗ ಕೆಲವು ಸಂಗತಿ ಗಮನಿಸಿ. ಹರಿದ ಗ್ರಿಪ್ಪಿನ, ತುಕ್ಕು ಹಿಡಿದ ಶಾಫ್ಟಿನ ಸೆಟ್ ಕೊಟ್ಟರೆ ಅದು ದಾನವೆನಿಸುವುದಿಲ್ಲ. ಹೊಸ ಗ್ರಿಪ್ ಹಾಕಿಸಿ ಕೊಡಿ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ, ಕನಿಷ್ಠ ಇಷ್ಟಿರಬೇಕು ಎಂಬ ನಿಯಮವಿಲ್ಲ. 5, 7, 9, ಒಂದು ವೆಜ್, ಒಂದು ಪಟರ್ ಇದ್ದರೆ ಕಲಿಯುವವನಿಗೆ ಧಾರಾಳ. ಒಂದು ಸೆಟ್ಟು ಇಬ್ಬರಿಗೂ ಸಾಕಾಗುತ್ತದೆ. ಎಂಟು ವರ್ಷದ ಮಗುವಿಗೆ ದೊಡ್ಡವರ ಉಕ್ಕಿನ ಶಾಫ್ಟ್ ಕತ್ತರಿಸಿ ಕೊಡಬೇಡಿ. ಮೋಟಾದ ಶಾಫ್ಟ್ ಬಿರುಸಾಗಿ, ತಲೆ ಭಾರವಾಗಿಯೇ ಉಳಿದು ಮಗುವಿನ ಸ್ವಿಂಗ್ ಕೆಡುತ್ತದೆ. ದೊಡ್ಡವರ ಸೆಟ್ಟು ಹದಿಹರೆಯದವರಿಗೆ, ಕ್ಯಾಡಿಗಳಿಗೆ ಹೋಗಲಿ. ನಿಮ್ಮ ಮಕ್ಕಳು ಬೆಳೆದಂತೆ ಚಿಕ್ಕದಾದ ಜೂನಿಯರ್ ಸೆಟ್ಟು ಚಿಕ್ಕಮಕ್ಕಳಿಗೆ ಸಿಗಲಿ. ಮುಖ್ಯವಾದ ಇನ್ನೊಂದು ಮಾತು: ಹಳೆಯ ಕ್ಲಬ್ ಕೊಟ್ಟೆನೆಂದು ಕ್ಯಾಡಿಯ ಕೂಲಿಯಲ್ಲಿ, ಟಿಪ್ಸಿನಲ್ಲಿ ಒಂದು ರೂಪಾಯಿಯನ್ನೂ ಹಿಡಿಯಬೇಡಿ.

ಕ್ಲಬ್ಬುಗಳ ಆಡಳಿತ ಸಮಿತಿಗಳಲ್ಲೂ ವಿನಂತಿ. ಪ್ರೊ ಶಾಪಿನ ಮೂಲೆಯಲ್ಲಿ ಒಂದು ಸ್ಟ್ಯಾಂಡ್, ಒಂದು ನೋಂದಣಿ ಪುಸ್ತಕ ಇಡಿ. ಯಾರು ಕೊಟ್ಟರು, ಯಾರು ಒಯ್ದರು, ಯಾವಾಗ ಮರಳಿಸಿದರು ಎಂದು ಬರೆದಿಡಿ. ಮಕ್ಕಳು ಬೆಳೆದು ಮರಳಿಸಿದ ಸೆಟ್ಟು ಮುಂದಿನವರಿಗೆ ಹೋಗಲಿ. ಕೋರ್ಸಿಗೆ ವಾರದ ರಜೆ ಇರುವ ದಿನ ಕೆಲವು ಗಂಟೆ ಕ್ಯಾಡಿಗಳಿಗೆ ಆಡಲು ಬಿಡಿ. ಆಟದ ಜಾಗವಿಲ್ಲದೆ ಕೊಟ್ಟ ಕ್ಲಬ್ ಗೋಡೆಗೆ ಒರಗಿಯೇ ಉಳಿಯುತ್ತದೆ.

ಈ ವಾರ ಆಟಕ್ಕೆ ಹೊರಡುವ ಮುನ್ನ ಮನೆಯಲ್ಲಿ ಎಷ್ಟು ಐರನ್‌ಗಳು ಸುಮ್ಮನೆ ಬಿದ್ದಿವೆ ಎಂದು ಒಮ್ಮೆ ನೋಡಿ. ಆಡುತ್ತಿರುವ ಸೆಟ್ಟಿಗೆ ಗ್ರಿಪ್ ಹಾಕಿಸಿ, ಆಡದೆ ಬಿದ್ದಿರುವುದನ್ನು ನಿಮ್ಮ ಕ್ಲಬ್ಬಿನ ಕ್ಯಾಡಿ ಮಾಸ್ಟರ್ ಕೈಗೆ ಒಪ್ಪಿಸಿ. ಹೊಸ ಸೆಟ್ಟಿನ ವಿಚಾರವನ್ನು ಅದಾದ ಮೇಲೆ ಮಾಡಿದರಾಯಿತು.