ಕಣ್ಣಿಗೆ ಒಂದೇ ‘ತರೀಕೆರೆ’, ಕಂಪ್ಯೂಟರಿಗೆ ಎರಡು! ಏಕೆ?

ಅರ್ಜಿ ಹಾಕುವಾಗ ಪರದೆಯ ಮೇಲೆ ‘ವಿವರ ಹೊಂದಿಕೆಯಾಗುತ್ತಿಲ್ಲ’ ಎಂದು ಬಂದರೆ ನಮ್ಮಲ್ಲಿ ಹಲವರು ದಾಖಲೆಯೇ ಸುಳ್ಳು ಎಂದುಕೊಳ್ಳುತ್ತೇವೆ. ‘ಕಂಪ್ಯೂಟರ್ ತಪ್ಪು ಮಾಡಲ್ಲ’ ಎಂಬ ನಂಬಿಕೆ ಅಷ್ಟು ಗಟ್ಟಿ. ಇದು ಎಷ್ಟು ನಿಜ?

ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರವನ್ನೇ ತೆಗೆದುಕೊಳ್ಳೋಣ. 1196ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದಿಂದ ಹೆಸರಾದ ಊರು, ತಾಲ್ಲೂಕು ತರೀಕೆರೆ. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಈ ವಿಳಾಸವನ್ನು ಇನ್ನೊಂದು ದಾಖಲೆಯ ಜೊತೆ ಹೋಲಿಸುತ್ತಿದೆ ಎಂದುಕೊಳ್ಳಿ.

ಹೋಲಿಕೆಯಲ್ಲಿ ಎರಡು ಬಗೆ

ಒಂದೇ ಪಹಣಿಯ ಎರಡು ಪ್ರತಿ ನಿಮ್ಮ ಕೈಲಿವೆ. ಬರಹ ಒಂದೇ, ಆದರೆ ಕಾಗದ ಎರಡು. ಜಾವಾದಲ್ಲಿ ಎರಡು ವಸ್ತುಗಳ ನಡುವೆ == ಹಾಕಿದರೆ ‘ಇದು ಅದೇ ಕಾಗದವೇ?’ ಎಂದು ಕೇಳಿದ ಹಾಗೆ. ಈಕ್ವಲ್ಸ್ ಬಳಸಿದರೆ ‘ಬರಹ ಒಂದೇನಾ?’ ಎಂದು ಕೇಳಿದ ಹಾಗೆ. ಮೊದಲನೆಯದನ್ನು ಬಳಸಿದ ಪ್ರೋಗ್ರಾಂ ಸರಿಯಾದ ಹೆಸರನ್ನೂ ತಿರಸ್ಕರಿಸಬಹುದು.

ಈಕ್ವಲ್ಸ್ ಬಳಸಿದರೂ ತೊಡಕು ಮುಗಿಯುವುದಿಲ್ಲ. ‘ತರೀಕೆರೆ’ಯ ದೀರ್ಘವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿ. ನಮ್ಮ ಕಣ್ಣಿಗೆ ವ್ಯತ್ಯಾಸವೇ ಕಾಣದು. ಈಕ್ವಲ್ಸ್ ಮಾತ್ರ ‘ಬೇರೆ ಬೇರೆ’ ಎನ್ನುತ್ತದೆ. ಇದಕ್ಕೆ ಪರಿಹಾರವೂ ಜಾವಾದಲ್ಲೇ ಇದೆ: ಹೋಲಿಸುವ ಮೊದಲು ನಾರ್ಮಲೈಜರ್ ಬಳಸಿ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದನ್ನು ಬಳಸಬೇಕೆಂದು ಪ್ರೋಗ್ರಾಂ ಬರೆಯುವವರಿಗೆ ನೆನಪಿರಬೇಕು, ಅಷ್ಟೇ.

ಚೀಲದ ಮೇಲಿನ ಚೀಟಿ

ಇನ್ನೊಂದು ತೊಡಕು ಟೈಪ್ ಕಾಸ್ಟಿಂಗ್, ಅಂದರೆ ಮಾಹಿತಿಯನ್ನು ಬೇರೊಂದು ಬಗೆಯದೆಂದು ನೋಡುವುದು. ರಾಗಿ ಚೀಲಕ್ಕೆ ‘ಅಕ್ಕಿ’ ಎಂಬ ಚೀಟಿ ಅಂಟಿಸಿದರೆ ಒಳಗಿನ ರಾಗಿ ಅಕ್ಕಿಯಾಗದು. ವಸ್ತುಗಳ ವಿಷಯದಲ್ಲಿ ಜಾವಾ ಇಂಥ ತಪ್ಪು ಚೀಟಿಯನ್ನು ಹಿಡಿದು, ದೋಷ ತೋರಿಸಿ ನಿಲ್ಲುತ್ತದೆ.

ಆದರೆ ಬರಿಯ ಅಂಕಿಗಳಲ್ಲಿ ಅದು ಸುಮ್ಮನಿರುತ್ತದೆ. 2 ಎಕರೆ 30 ಗುಂಟೆ ಎಂದರೆ 2.75 ಎಕರೆ. ಇದನ್ನು ಪೂರ್ಣಾಂಕಕ್ಕೆ ಕಾಸ್ಟ್ ಮಾಡಿದರೆ ಉಳಿಯುವುದು 2 ಮಾತ್ರ. ಜಾವಾ ಅದನ್ನು 3 ಎಂದೂ ಮಾಡುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲೆಕ್ಕದಲ್ಲಿ 30 ಗುಂಟೆ ಮಾಯ!

‘ಒಂದೇ’ ಎಂದು ನಿರ್ಧರಿಸುವವರು ಯಾರು?

ಮನುಷ್ಯರೇ. ಇಬ್ಬರು ರೈತರ ದಾಖಲೆ ಒಬ್ಬರದೇ ಎನ್ನಲು ಹೆಸರು, ಊರು ಸಾಕೇ? ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿರಬಹುದು. ಯಾವ ವಿವರ ನೋಡಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರು ಈಕ್ವಲ್ಸ್ ಒಳಗೆ ಬರೆದಿಡುತ್ತಾರೆ. ಏನೂ ಬರೆಯದಿದ್ದರೆ ಅದು == ನಂತೆಯೇ ವರ್ತಿಸುತ್ತದೆ.

ಆದ್ದರಿಂದ ‘ಹೊಂದಿಕೆಯಾಗುತ್ತಿಲ್ಲ’ ಎಂಬುದು ತೀರ್ಪಲ್ಲ, ಇನ್ನೊಮ್ಮೆ ನೋಡಿ ಎಂಬ ಸೂಚನೆ. ಹೆಸರನ್ನು ಕಾಪಿ ಮಾಡಿ ಅಂಟಿಸುವ ಬದಲು ಹೊಸದಾಗಿ ಟೈಪ್ ಮಾಡಿ, ಕೊನೆಯಲ್ಲಿ ಖಾಲಿ ಜಾಗ ಉಳಿದಿದೆಯೇ ನೋಡಿ. ಆಗಲೂ ಆಗದಿದ್ದರೆ ಮೂಲ ದಾಖಲೆ ಹಿಡಿದು ಕಚೇರಿಯಲ್ಲಿ ಕೇಳಿ. ಯಂತ್ರ ಒಪ್ಪಲಿಲ್ಲ ಎಂದ ಮಾತ್ರಕ್ಕೆ ಯಾರನ್ನೂ ಸುಳ್ಳುಗಾರರೆಂದು ಫಾರ್ವರ್ಡ್ ಮಾಡಬೇಡಿ.