ಪಂದ್ಯವೋ, ಪ್ರದರ್ಶನವೋ?
ಕುಸ್ತಿಯ ಒಂದು ದಶಕದ ಲೆಕ್ಕ

ಕಳೆದ ಶತಮಾನದ ಮಲ್ಲರಲ್ಲಿ ಶ್ರೇಷ್ಠರು ಯಾರು, ಅವರ ಸೆಣಸಾಟಗಳಲ್ಲಿ ನೆನಪಿಡತಕ್ಕವು ಯಾವುವು ಎಂಬ ಮಾತು ಅರಳಿಕಟ್ಟೆಯಲ್ಲಾಗಲಿ ವಾಚನಾಲಯದಲ್ಲಾಗಲಿ ಎದ್ದರೆ, ಮೊದಲು ಕೇಳಿಬರುವ ಹೆಸರು ದಾರಾಸಿಂಗರದು. ಅದರ ಬೆನ್ನಿಗೇ ಬರುವುದು ಕಿಂಗ್ ಕಾಂಗನದು. ಬೆಳಗಾವಿ ಸೀಮೆಯ ಯಕ್ಸಂಬಾ ಗ್ರಾಮದ ಶ್ರೀಪತಿ ಖಂಚನಾಳೆಯವರ ಹೆಸರನ್ನು ಹೇಳುವವರು ಹತ್ತರಲ್ಲಿ ಒಬ್ಬರಾದರೂ ಸಿಗುವರೋ ಇಲ್ಲವೋ ಸಂದೇಹ. ಕನ್ನಡ ನೆಲದಲ್ಲಿ ಹುಟ್ಟಿ ೧೯೫೯ರಲ್ಲಿ 'ಹಿಂದ್ ಕೇಸರಿ' ಎಂಬ ಬಿರುದನ್ನು ಪಡೆದ ಮಲ್ಲನನ್ನು ಕನ್ನಡಿಗರೇ ಅರಿಯದಿರುವುದಕ್ಕೆ ಕಾರಣವೇನು? ಮರೆವು ಒಂದೇ ಕಾರಣವಲ್ಲವೆಂದು ನಮ್ಮ ಅಭಿಪ್ರಾಯ. ಎರಡು ಬೇರೆ ಬೇರೆ ಖಾತೆಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟು, ದೊಡ್ಡ ಅಕ್ಷರದಲ್ಲಿ ಬರೆದುದನ್ನು ಮಾತ್ರ ಓದುವ ರೂಢಿಯೇ ಅದರ ಮೂಲವು.

ವಿಚಾರಕ್ಕೆ ಅನುಕೂಲವಾಗಲೆಂದು ೧೯೫೯ರಿಂದ ೧೯೬೮ರ ವರೆಗಿನ ಹತ್ತು ವರ್ಷಗಳನ್ನು ತೆಗೆದುಕೊಳ್ಳೋಣ. ಈ ದಶಕದ ಬಾಗಿಲಲ್ಲಿಯೇ ಎರಡು ಘಟನೆಗಳು ಎದುರುಬದುರಾಗಿ ನಿಂತಿವೆ. ೧೯೫೯ರಲ್ಲಿ ಕಲಕತ್ತೆಯಲ್ಲಿ ದಾರಾಸಿಂಗರು ಕೆನಡಾ ದೇಶದ ಜಾರ್ಜ್ ಗೋರ್ಡಿಯೆಂಕೋನನ್ನು ಸೋಲಿಸಿ ಕಾಮನ್‌ವೆಲ್ತ್ ಪಟ್ಟವನ್ನು ಪಡೆದರು. ಅದೇ ವರ್ಷ ದಿಲ್ಲಿಯಲ್ಲಿ ಖಂಚನಾಳೆಯವರು ಪಂಜಾಬಿನ ಮಲ್ಲನನ್ನು ಮಣ್ಣುಮುಟ್ಟಿಸಿ ಹಿಂದ್ ಕೇಸರಿಯಾದರು. ಮೊದಲನೆಯದು ಹಗ್ಗದ ಕಟ್ಟೆಯೊಳಗಿನ 'ಫ್ರೀಸ್ಟೈಲ್' ಆಟ. ಎರಡನೆಯದು ಗರಡಿಯ ಕುಸ್ತಿ. ಎರಡಕ್ಕೂ ಜನ ನೆರೆದರು, ಎರಡರಲ್ಲಿಯೂ ಬಲಿಷ್ಠರಾದ ಇಬ್ಬರು ಒಬ್ಬರನ್ನೊಬ್ಬರು ಹಿಡಿದರು. ಹೀಗಿದ್ದೂ ಇವೆರಡೂ ಒಂದೇ ಜಾತಿಯ ವಸ್ತುಗಳಲ್ಲ.

ಮೊದಲು ಪ್ರದರ್ಶನದ ಖಾತೆಯನ್ನೇ ತೆರೆಯೋಣ. ಅದರಲ್ಲಿಯೂ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಈ ದಶಕದ ಅಗ್ರಗಣ್ಯ ಪ್ರದರ್ಶಕರು ದಾರಾಸಿಂಗರೇ ಎಂಬುದರಲ್ಲಿ ವಿವಾದವಿಲ್ಲ. ೧೯೨೮ರಲ್ಲಿ ಅಮೃತಸರ ಜಿಲ್ಲೆಯ ಧರ್ಮೂಚಕ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಜೀವನೋಪಾಯಕ್ಕಾಗಿ ಸಿಂಗಾಪುರಕ್ಕೆ ಹೋಗಿ, ಅಲ್ಲಿ ಸಾಮು ಕಲಿತು, ಮಲಯದಲ್ಲಿ ಹೆಸರು ಪಡೆದು ಮರಳಿದವರು ಅವರು. ಆಳುದ್ದದ ನಿಲುವು, ಸೌಮ್ಯವಾದ ಮುಖ, ಎದುರಾಳಿಯ ಅನ್ಯಾಯವನ್ನು ಒಂದು ಮಿತಿಯವರೆಗೆ ಸಹಿಸಿ ಆಮೇಲೆ ಸಿಡಿಯುವ ಆ ತಾಳ್ಮೆ, ಇವು ಕೇವಲ ಮೈಬಲದಿಂದ ಬರುವ ಗುಣಗಳಲ್ಲ. ಪ್ರೇಕ್ಷಕನ ಎದೆಬಡಿತವನ್ನು ಅರಿತವನಿಗೆ ಮಾತ್ರ ಅದು ಸಾಧ್ಯ.

ಎರಡನೆಯ ಸ್ಥಾನವು ಕಿಂಗ್ ಕಾಂಗನಿಗೆ ಸಲ್ಲುವುದು. ಎಮಿಲ್ ಚಾಯಾ ಎಂಬ ನಿಜನಾಮದ ಈ ಹಂಗೇರಿಯ ಮೂಲದವನು ೨೦೦ ಕಿಲೋಗ್ರಾಮಿನ ಸಮೀಪದ ದೇಹವನ್ನು ಹೊತ್ತು ಏಷ್ಯಾ ಖಂಡವನ್ನೆಲ್ಲ ಸುತ್ತಿ, ಹೋದಲ್ಲೆಲ್ಲ ಜನರ ಬೈಗುಳವನ್ನೇ ಸಂಪಾದಿಸಿದನು. ಖಳನು ಚೆನ್ನಾಗಿಲ್ಲದಿದ್ದರೆ ನಾಯಕನು ಬೆಳೆಯನು. ಕೀಚಕನು ಸಪ್ಪೆಯಾದರೆ ಭೀಮನ ಆರ್ಭಟಕ್ಕೆ ಅರ್ಥವೆಲ್ಲಿ? ಆ ಮಹಾಕಾಯನನ್ನು ದಾರಾಸಿಂಗರು ಎತ್ತಿ ತಿರುಗಿಸಿದರೆಂಬ ಕಥೆಯನ್ನು ಮುದುಕರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿರುವುದೇ ಅವನ ಕಲೆಗೆ ಸಾಕ್ಷಿ. ಅವನು ೧೯೭೦ರಲ್ಲಿ, ಮೋಟಾರು ಅಪಘಾತದ ಗಾಯಗಳಿಂದ ಸಿಂಗಾಪುರದಲ್ಲಿ ತೀರಿಕೊಂಡನು.

ಮೂರನೆಯವನು ಗೋರ್ಡಿಯೆಂಕೋ. ತಾರುಣ್ಯದಲ್ಲಿ ಸಾಮ್ಯವಾದಿಗಳ ಸಂಗಡವಿದ್ದ ಕಾರಣಕ್ಕೆ ಅಮೆರಿಕದ ಬಾಗಿಲು ಅವನಿಗೆ ಮುಚ್ಚಿತ್ತು. ಆದಕಾರಣ ಅವನು ಬೇರೆ ದೇಶಗಳಲ್ಲಿ ಕುಸ್ತಿಯಾಡಿ ಹೊಟ್ಟೆ ಹೊರೆದನು. ಅವನು ಒಳ್ಳೆಯ ಚಿತ್ರಕಾರನೂ ಆಗಿದ್ದನೆಂಬುದು ಅನೇಕರಿಗೆ ತಿಳಿಯದು. ನಾಲ್ಕನೆಯವನು ಅಮೆರಿಕದ ಲೂ ಥೆಜ್. ಹಿಡಿತದ ಶುದ್ಧಿಯಲ್ಲಿ ಆ ದೇಶದಲ್ಲಿ ಅವನಿಗೆ ಸಮಾನರು ವಿರಳವೆಂದು ಬಲ್ಲವರ ಮತ. ೧೯೬೮ರ ಮೇ ೨೯ರಂದು ಮುಂಬಯಿಯಲ್ಲಿ ದಾರಾಸಿಂಗರು ಇವನನ್ನು ಸೋಲಿಸಿ 'ವಿಶ್ವವಿಜೇತ'ರೆನಿಸಿದರು. ದಶಕದ ಅತ್ಯುಜ್ವಲ ಕ್ಷಣವೆಂದು ಎಲ್ಲ ಪಟ್ಟಿಗಳಲ್ಲಿಯೂ ಇದೇ ಮೊದಲು ಬರುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನ್ಯಾಯಾಲಯದಲ್ಲಿ ದಸ್ತಾವೇಜು ಹಾಜರಾದಾಗ ಅದರ ತಾರೀಖನ್ನೂ ಮೊಹರನ್ನೂ ನೋಡದೆ ಒಪ್ಪುವುದುಂಟೇ? ಥೆಜ್ ಹುಟ್ಟಿದ್ದು ೧೯೧೬ರ ಏಪ್ರಿಲಿನಲ್ಲಿ. ಮುಂಬಯಿಯ ಆ ರಾತ್ರಿ ಅವನಿಗೆ ೫೨ ವರ್ಷ ತುಂಬಿತ್ತು. ಅಮೆರಿಕದ ಮುಖ್ಯ ಕುಸ್ತಿ ಒಕ್ಕೂಟದ ಪಟ್ಟವನ್ನು ಅವನು ೧೯೬೬ರಲ್ಲಿಯೇ ಕಳೆದುಕೊಂಡಿದ್ದನು. ಹಾಗಾದರೆ ದಾರಾಸಿಂಗರು ಗೆದ್ದುದು ಯಾರ ಪಟ್ಟ, ಯಾವ ವಿಶ್ವದ ಪಟ್ಟ? ಆಟದ ಏರ್ಪಾಟುದಾರರು ಕೊಟ್ಟ ಪಟ್ಟವೆಂದಷ್ಟೇ ಹೇಳಬಹುದು. ಐನೂರು ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲವೆಂಬ ಪ್ರಚಾರವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ವೃತ್ತಿಪರ ಫ್ರೀಸ್ಟೈಲಿನಲ್ಲಿ ಜಯಾಪಜಯಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಪದ್ಧತಿಯು ಇಂದು ಗುಟ್ಟಾಗಿ ಉಳಿದಿಲ್ಲ. ಅಂತಹ ಕಣದಲ್ಲಿ ಸೋಲದಿರುವುದು ಜನಪ್ರಿಯತೆಗೆ ಪ್ರಮಾಣವೇ ಹೊರತು ಬಲಕ್ಕೆ ಪ್ರಮಾಣವಲ್ಲ.

ಇನ್ನು ಪಂದ್ಯದ ಖಾತೆ. ಇದರಲ್ಲಿ ಬಣ್ಣ ಕಡಿಮೆ, ಬೆವರು ಹೆಚ್ಚು. ೧೯೫೯ರ ಖಂಚನಾಳೆಯವರನ್ನು ಆಗಲೇ ಹೇಳಿದೆವು. ೧೯೬೧ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸೈನಿಕನಾದ ಉದಯಚಂದನು ವಿಶ್ವಸ್ಪರ್ಧೆಯ ಕಂಚಿನ ಪದಕವನ್ನು ತಂದನು. ಸ್ವತಂತ್ರ ಭಾರತಕ್ಕೆ ಆ ಕಣದಲ್ಲಿ ದೊರೆತ ಮೊದಲ ಪದಕವದು. ೧೯೬೨ರಲ್ಲಿ ಜಕಾರ್ತದ ಏಷ್ಯಾ ಕ್ರೀಡೆಗಳಲ್ಲಿ ಸಾಂಗಲಿ ಪ್ರಾಂತದ ಮಾರುತಿ ಮಾನೆಯವರೂ ಗಣಪತ ಆಂದಳ್ಕರರೂ ಒಂದೊಂದು ಚಿನ್ನ, ಒಂದೊಂದು ಬೆಳ್ಳಿಯನ್ನು ಗೆದ್ದರು. ೧೯೬೭ರಲ್ಲಿ ವಿಶ್ವಸ್ಪರ್ಧೆಯು ದಿಲ್ಲಿಯಲ್ಲಿಯೇ ನಡೆದಾಗ ಬಿಶಂಬರ ಸಿಂಗನು ಬೆಳ್ಳಿಯನ್ನು ಪಡೆದನು. ಇವರಲ್ಲಿ ಯಾರಿಗೂ ತಾವು ಗೆಲ್ಲುವೆವೆಂದು ಬೆಳಿಗ್ಗೆ ತಿಳಿದಿರಲಿಲ್ಲ. ಆ ಅರಿಯಮೆಯಲ್ಲಿಯೇ ಅವರ ಗೆಲವಿನ ಬೆಲೆಯೆಲ್ಲ ಅಡಗಿದೆ.

ಖಂಚನಾಳೆಯವರ ವಿಷಯದಲ್ಲಿ ಇನ್ನೊಂದು ಮಾತು. ೧೯೫೬ರಲ್ಲಿ ಕನ್ನಡ ಪ್ರಾಂತಗಳು ಒಂದುಗೂಡಿದಾಗ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತದಿಂದ ಬಂದು ನಮ್ಮ ರಾಜ್ಯಕ್ಕೆ ಸೇರಿತು. ಮೂರೇ ವರ್ಷದಲ್ಲಿ ಆ ಜಿಲ್ಲೆಯ ಮಗನು ಅಖಿಲ ಭಾರತದ ಬಿರುದನ್ನು ಗೆದ್ದನು. ಅವರು ಬಾಳಿದ್ದು ಕೊಲ್ಲಾಪುರದಲ್ಲಿ. ೨೦೨೦ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಶಾಹೂ ಮಹಾರಾಜರು ಕಟ್ಟಿಸಿ ೧೯೧೨ರಲ್ಲಿ ಪೂರ್ಣಗೊಂಡ ಖಾಸಬಾಗ್ ಮೈದಾನವಿರುವ ಆ ನಗರವು ಗಡಿಯ ಈಚೆಗಿನ ಹುಡುಗರನ್ನು ಭಾಷೆ ಕೇಳದೆ ಬರಮಾಡಿಕೊಂಡಿತು. ಅದಕ್ಕಾಗಿ ಮರಾಠಿ ಬಂಧುಗಳಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಅವರು ಸಾಕಿದರೆಂಬ ಕಾರಣಕ್ಕೆ ನಾವು ಹೆತ್ತುದನ್ನು ಮರೆಯಬಹುದೇ? ನಕ್ಷೆಯಲ್ಲಿ ನಾಡು ಒಂದಾದ ಮೇಲೆ ನೆನಪಿನಲ್ಲಿಯೂ ಒಂದಾಗಬೇಡವೇ?

"ಹಾಗಾದರೆ ಪ್ರದರ್ಶನದ ಕುಸ್ತಿಯೆಲ್ಲ ಮೋಸವೆಂದು ತಳ್ಳಿಹಾಕಬೇಕೋ?" ಎಂದು ವಾಚಕರು ಕೇಳಬಹುದು. ಹಾಗೆ ನಾವು ಹೇಳಲಾರೆವು. ಹಣಕ್ಕಾಗಿ ಆಡುವುದೇ ದೋಷವೆನ್ನುವುದೂ ಸರಿಯಲ್ಲ. ಗರಡಿಯ ಪೈಲ್ವಾನನೂ ಇನಾಮಿಗಾಗಿಯೇ ಕಾದುವನು. ಫೀಸು ಪಡೆಯುವ ವಕೀಲನಂತೂ ಈ ಆಕ್ಷೇಪವನ್ನು ಎತ್ತಲೇ ಬಾರದು. ಕುಸ್ತಿಯನ್ನು ವಿನೋದವೆಂದು ಎಣಿಸಿದುದೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಷಯವು ವಿನೋದಗಳ ಸಾಲಿನಲ್ಲಿಯೇ ಬರುವುದು. ಆದರೆ ವಿನೋದವೆಂದು ಕರೆದ ಅದೇ ಅರಸನು ಮಲ್ಲರನ್ನು ವಯಸ್ಸು, ದೇಹ, ಬಲ, ವಿದ್ಯೆಗಳಿಂದ ವಿಂಗಡಿಸಿ, ಜ್ಯೇಷ್ಠಿಕ ಮೊದಲಾದ ದರ್ಜೆಗಳನ್ನು ಹೇಳಿದನು. ನಮ್ಮ 'ಜಟ್ಟಿ' ಎಂಬ ಮಾತು ಈ ಜ್ಯೇಷ್ಠಶಬ್ದದಿಂದಲೇ ಬಂದುದು. ನೋಡುವವನಿಗೆ ವಿನೋದ, ಆಡುವವನಿಗೆ ಸತ್ಯ, ಇದು ಆ ಅರಸನ ವ್ಯವಸ್ಥೆಯಾಗಿತ್ತು.

ನಾಟಕಕ್ಕೂ ತನ್ನದೇ ಆದ ಸತ್ಯವುಂಟು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ರಾತ್ರಿಯೆಲ್ಲ ಆಡುವುದನ್ನು ಬಲ್ಲೆವಷ್ಟೆ. ದುರ್ಯೋಧನನ ತೊಡೆ ಮುರಿಯುವುದೆಂದು ಮಗುವೂ ಬಲ್ಲದು. ಆದರೂ ಕೋಳಿ ಕೂಗುವವರೆಗೆ ಜನ ಕದಲುವುದಿಲ್ಲ. ೧೯೮೭ರಲ್ಲಿ ದೂರದರ್ಶನದ ರಾಮಾಯಣದಲ್ಲಿ ದಾರಾಸಿಂಗರೇ ಗರಡಿಮನೆಗಳ ಆರಾಧ್ಯದೈವವಾದ ಹನುಮಂತನಾಗಿ ಬಂದು ಪರ್ವತವನ್ನೆತ್ತಿದರು. ಆ ಪರ್ವತವು ನಿಜವಾದುದಲ್ಲವೆಂದು ಯಾರಾದರೂ ದೂರಿದರೇ? ನಾಟಕವೆಂದು ಹೇಳಿಯೇ ತೋರಿಸಿದ್ದರಾದ್ದರಿಂದ ಜನರು ಕೈಮುಗಿದರು. ಪಂದ್ಯವೆಂದು ಬರೆದ ಟಿಕೇಟನ್ನು ಮಾರಿ ನಾಟಕವನ್ನು ತೋರಿಸಿದಾಗ ಮಾತ್ರ ಅದು ವಂಚನೆಯಾಗುವುದು. ಕ್ರಯಪತ್ರದಲ್ಲಿ ಗದ್ದೆಯೆಂದು ಬರೆದು ಬೀಳುಭೂಮಿಯನ್ನು ಕೊಟ್ಟರೆ, ಬೀಳುಭೂಮಿಯದು ತಪ್ಪಲ್ಲ, ಬರೆದವನದು ತಪ್ಪು.

ಅಮೆರಿಕದವರು ಕಡೆಗೆ ಇದನ್ನು ಬಾಯಿಬಿಟ್ಟು ಹೇಳಿದರು. ೧೯೮೯ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಶಾಸನಸಭೆಯ ಮುಂದೆ ಅಲ್ಲಿನ ದೊಡ್ಡ ಕುಸ್ತಿ ಕಂಪನಿಯ ಪ್ರತಿನಿಧಿಗಳು, ತಮ್ಮದು ಸ್ಪರ್ಧೆಯಲ್ಲ, ಮನೋರಂಜನೆಯೆಂದು ಒಪ್ಪಿಕೊಂಡರು. ಸ್ಪರ್ಧೆಯಾದರೆ ಸರ್ಕಾರದ ತೆರಿಗೆಯೂ ತಪಾಸಣೆಯೂ ಇದ್ದುವು. ಮನೋರಂಜನೆಯಾದರೆ ಆ ಹೊರೆ ತಪ್ಪುತ್ತಿತ್ತು. ಸತ್ಯವು ಲಾಭದ ದಾರಿಯಿಂದ ಬಂದಿತೆಂದು ನಗಬಹುದು, ಆದರೂ ಬಂದಿತು. ಆ ಕಂಪನಿಯ ಆಟದ ಜನಪ್ರಿಯತೆ ಅದರಿಂದ ಕುಗ್ಗಲಿಲ್ಲ. ನಿಜ ಹೇಳಿದರೆ ಜನ ಬರುವುದಿಲ್ಲವೆಂಬ ಏರ್ಪಾಟುದಾರರ ಅಂಜಿಕೆಯು ನಿರಾಧಾರವೆಂದು ಇದರಿಂದ ಸಿದ್ಧವಾಯಿತು.

ಇದರಿಂದ ನಮಗೇನು ನಷ್ಟವೆಂದು ಕೇಳುವವರು ಗರಡಿಯ ಹುಡುಗನನ್ನು ನೆನೆಯಬೇಕು. ನಸುಕಿನಲ್ಲೆದ್ದು ಕೆಮ್ಮಣ್ಣನ್ನು ಅಗೆದು ಹದಮಾಡಿ, ನೂರಾರು ಬಸ್ಕಿ ಹೊಡೆದು, ಉಸ್ತಾದನಿಂದ ಒಂದೊಂದೇ ಪಟ್ಟನ್ನು ವರ್ಷಗಟ್ಟಲೆ ಕಲಿತವನ ಕುಸ್ತಿಯು ಒಮ್ಮೊಮ್ಮೆ ಅರ್ಧ ನಿಮಿಷದಲ್ಲಿ ಮುಗಿದುಹೋಗುವುದು. ಹಾರುವುದು, ಗರ್ಜಿಸುವುದು, ಕುರ್ಚಿ ಎತ್ತಿ ಹೊಡೆಯುವುದು ಇವನ್ನೇ ಕುಸ್ತಿಯೆಂದು ನಂಬಿದ ಕಣ್ಣಿಗೆ ಆ ಅರ್ಧ ನಿಮಿಷವು ಸಪ್ಪೆಯಾಗಿ ಕಾಣುವುದು. 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬುದು ನಮ್ಮವರು ಜಂಬಗಾರನನ್ನು ಹಾಸ್ಯಮಾಡಲು ಕಟ್ಟಿದ ಗಾದೆ. ನಿಜವಾಗಿ ಬಿದ್ದವನ ಮೀಸೆ ಮಣ್ಣಾಗಲೇಬೇಕು. ಆ ಮಣ್ಣನ್ನು ಒರಸಿಕೊಂಡು ಮರುವರ್ಷ ಮತ್ತೆ ಇಳಿಯುವುದೇ ಗರಡಿಯ ಶಿಕ್ಷಣ. ಯಾರ ಮೀಸೆಯೂ ಮಣ್ಣಾಗದ ಆಟವನ್ನು ಪಂದ್ಯವೆಂದು ಕಲಿಸಿದರೆ ಮಕ್ಕಳು ಸೋಲನ್ನು ಹೇಗೆ ಹೊರುವರು?

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು ೫೫ ಕಿಲೋಗ್ರಾಮಿನ ಗ್ರೀಕೋ ರೋಮನ್ ವಿಭಾಗದಲ್ಲಿ ೨೦೨೦ರಲ್ಲಿ ದಿಲ್ಲಿಯಲ್ಲಿಯೂ ೨೦೨೨ರಲ್ಲಿ ಮಂಗೋಲಿಯಾದ ರಾಜಧಾನಿಯಲ್ಲಿಯೂ ಏಷ್ಯಾ ಸ್ಪರ್ಧೆಯ ಕಂಚನ್ನು ಗೆದ್ದರು. ದೂರದರ್ಶಕದ ಪರದೇಶೀ ಮಲ್ಲರ ಹೆಸರುಗಳನ್ನು ಪಟಪಟನೆ ಒಪ್ಪಿಸುವ ನಮ್ಮ ಶಾಲೆಯ ಬಾಲಕರಲ್ಲಿ ಈ ಕನ್ನಡಿಗನ ಹೆಸರನ್ನು ಎಷ್ಟು ಮಂದಿ ಬಲ್ಲರೆಂಬುದನ್ನು ಉಪಾಧ್ಯಾಯರು ನಾಳೆಯೇ ತರಗತಿಯಲ್ಲಿ ಕೇಳಿ ನೋಡಲಿ. ಖಂಚನಾಳೆಯವರಿಗೆ ಆದುದು ಇವರಿಗೂ ಆಗಬಾರದು.

ಕುಂದಾಣದಂತಹ ಹೋಬಳಿಯ ಊರವರು ಏನು ಮಾಡಬಹುದು? ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಈ ಸೀಮೆಯಲ್ಲಿ ನೆಲಕ್ಕೆ ಬಂದ ಬೆಲೆಯನ್ನು ಎಲ್ಲರೂ ಕಂಡಿದ್ದಾರೆ. ಅಂಗಡಿ ಕಟ್ಟಿದರೆ ಬಾಡಿಗೆ ಬರುವ ಜಾಗದಲ್ಲಿ ಮಣ್ಣು ಹಾಸಿ ಗರಡಿಯನ್ನು ಇಟ್ಟುಕೊಳ್ಳಿರೆಂದು ಹೇಳುವುದು ಸುಲಭವಲ್ಲ. ಆದರೆ ಜಾತ್ರೆಯ ಕುಸ್ತಿಯು ನಮ್ಮ ಕೈಯಲ್ಲಿಯೇ ಇದೆ. ಜೋಡಿ ಕಟ್ಟುವಾಗ ತೂಕವನ್ನು ತಕ್ಕಡಿಯಲ್ಲಿ ನೋಡಿ ಫಲಕದಲ್ಲಿ ಬರೆಯಲಿ. ಇನಾಮಿನ ಮೊತ್ತವನ್ನು ಮುಂಚೆಯೇ ಸಾರಿ, ಸೋತವನಿಗೂ ದಾರಿಖರ್ಚಿಗೆ ಒಂದು ಪಾಲನ್ನು ಇಡಲಿ. ಹಿರಿಯ ಉಸ್ತಾದರಲ್ಲಿ ಮೂವರನ್ನು ತೀರ್ಪಿಗೆ ಕೂರಿಸಲಿ. ಮನೋರಂಜನೆಯ ಮಲ್ಲರನ್ನು ಕರೆಸುವುದಾದರೆ ಸಂತೋಷವಾಗಿ ಕರೆಸಲಿ. ಕರಪತ್ರದಲ್ಲಿ 'ಪ್ರದರ್ಶನ' ಎಂಬ ನಾಲ್ಕಕ್ಷರವನ್ನು ಮಾತ್ರ ಬಿಡದೆ ಅಚ್ಚು ಹಾಕಿಸಲಿ. ದಾರಾಸಿಂಗರ ಚಿತ್ರವನ್ನು ಗರಡಿಯ ಗೋಡೆಯಿಂದ ಇಳಿಸಬೇಕಾದುದೇನೂ ಇಲ್ಲ. ಅದರ ಪಕ್ಕದಲ್ಲಿ ಯಕ್ಸಂಬೆಯ ಖಂಚನಾಳೆಯವರ ಚಿತ್ರವನ್ನೂ ತೂಗುಹಾಕಿ, ಕೆಳಗೆ ೧೯೫೯ ಎಂಬ ವರ್ಷವನ್ನು ಬರೆಸಿದರೆ, ಈ ಸಾರಿಯ ಜಾತ್ರೆಗೆ ಅಷ್ಟೇ ಸಾಕು.